ಡ್ರಾಯಿಂಗ್ ಭಾರವಾಗಿದೆ, ಹ್ಯಾಚ್ ತುಂಬುತ್ತಿಲ್ಲ, ಫಿಲೆಟ್ ಕೂಡುತ್ತಿಲ್ಲ: ಎಲ್ಲಿಂದ ಹುಡುಕಲು ಆರಂಭಿಸಬೇಕು?

ನಕ್ಷೆಗಾರ್ತಿ:

ಎಲ್ಲರಿಗೂ ನಮಸ್ಕಾರ. ಒಂದು ದೊಡ್ಡ ಜಾಗದ ವಿನ್ಯಾಸವನ್ನು ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಸರ್ವೇ ತಂಡ ಕಳಿಸಿದ ಡಿಡಬ್ಲ್ಯುಜಿ (ಆಟೋಕ್ಯಾಡ್ ಡ್ರಾಯಿಂಗ್) ಫೈಲನ್ನೇ ತೆರೆದು, ಅದರ ಮೇಲೆಯೇ ರಸ್ತೆ, ಕಟ್ಟಡ, ಚರಂಡಿಗಳನ್ನು ಎಳೆಯುತ್ತಾ ಬಂದಿದ್ದೇನೆ. ಈಚೆಗೆ ಈ ಡ್ರಾಯಿಂಗ್ ಹೇಳಿದ ಮಾತು ಕೇಳುತ್ತಿಲ್ಲ. ಕಣ್ಣಿಗೆ ಕಾಣುವ ಗೆರೆಗಳು ಹೆಚ್ಚಿಲ್ಲದಿದ್ದರೂ ಫೈಲಿನ ಗಾತ್ರ 60 ಎಂಬಿ ದಾಟಿದೆ. ಒಂದು ಸಣ್ಣ ಬ್ಲಾಕನ್ನು (ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪನ್ನು) ಕಾಪಿ ಮಾಡಿ ಬೇರೆ ಫೈಲಿಗೆ ಪೇಸ್ಟ್ ಮಾಡಲು ಹೋದರೆ ಪರದೆ ಬಹಳ ಹೊತ್ತು ಅಲ್ಲಾಡದೆ ನಿಂತುಬಿಡುತ್ತದೆ. ಎಲ್ಲ ಕಡೆಯೂ ಮುಚ್ಚಿರುವಂತೆ ಕಾಣುವ ಜಾಗದೊಳಗೆ ಹ್ಯಾಚ್, ಅಂದರೆ ತುಂಬುಗೆರೆಗಳ ವಿನ್ಯಾಸ, ಹಾಕಿದರೆ ಅಂಚು ಮುಚ್ಚಿಲ್ಲವೆಂಬ ಸಂದೇಶ ಬರುತ್ತದೆ. ಹ್ಯಾಚ್ ಬಿದ್ದ ಕಡೆಯೂ ಅದರ ಗೆರೆಗಳು ಮುರಿಮುರಿದು ಕಾಣುತ್ತವೆ. ಮೂಲೆಯಲ್ಲಿ ಒಂದನ್ನೊಂದು ಮುಟ್ಟುತ್ತಿರುವ ಎರಡು ಗೆರೆಗಳಿಗೆ, ಮೂಲೆಯನ್ನು ಕೂಡಿಸುವ ಫಿಲೆಟ್ ಕಮಾಂಡ್ ಕೊಟ್ಟರೆ ಅವು ಕೂಡಿಕೊಳ್ಳುವುದಿಲ್ಲ.

ಬಳಕೆಯಲ್ಲಿಲ್ಲದ್ದನ್ನು ತೆಗೆಯುವ ಪರ್ಜ್ ಮಾಡಿದ್ದೇನೆ, ದೋಷ ಹುಡುಕಿ ಸರಿಪಡಿಸುವ ಆಡಿಟ್ ಮಾಡಿದ್ದೇನೆ, ಎಲ್ಲವನ್ನೂ ಆಯ್ದು ಹೊಸ ಫೈಲಿಗೆ ಪೇಸ್ಟ್ ಮಾಡಿಯೂ ನೋಡಿದ್ದೇನೆ. ಹೊಸ ಫೈಲು ಹಳೆಯದರಷ್ಟೇ ಭಾರವಾಗಿದೆ. ಈ ಕಾಯಿಲೆಯ ಮೂಲವನ್ನು ಎಲ್ಲಿಂದ ಹುಡುಕಲು ಆರಂಭಿಸಬೇಕು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಪದರಗಾರ:

ಗ್ರಾಫಿಕ್ಸ್ ಕಾರ್ಡ್ ಹಳೆಯದಿರಬೇಕು. ಗ್ರಾಫಿಕ್ಸ್‌ಕಾನ್ಫಿಗ್ ಕಮಾಂಡ್ ಕೊಟ್ಟು ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಮಾಡಿ ನೋಡಿ.

ಹಳೆಯ ಕೈ:

ಪದರಗಾರರೇ, ಹ್ಯಾಚ್‌ನ ಗೆರೆ ಮುರಿದು ಕಾಣುವುದಕ್ಕೆ ಒಮ್ಮೊಮ್ಮೆ ಡಿಸ್‌ಪ್ಲೇ ಡ್ರೈವರ್ ಕಾರಣವಾಗಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಫಿಲೆಟ್ ಕೂಡದಿರುವುದಕ್ಕೂ ಫೈಲ್ 60 ಎಂಬಿ ಆಗಿರುವುದಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ಯಾವ ಸಂಬಂಧವೂ ಇಲ್ಲ. ಈಗಲೇ ಹೊಸ ಯಂತ್ರ ಕೊಳ್ಳಲು ಹೊರಡುವುದು ಬೇಡ.

ಮೇಡಂ, ನೀವು ಒಂದೇ ಕಾಯಿಲೆ ಎಂದುಕೊಂಡಿರುವುದು ಬಹುಶಃ ಮೂರು ಬೇರೆ ಬೇರೆ ಕಾಯಿಲೆಗಳು. ಫೈಲಿನ ಗಾತ್ರ ಮತ್ತು ಪೇಸ್ಟ್ ನಿಧಾನವಾಗುವುದು ಒಂದು. ಅದು ಕಣ್ಣಿಗೆ ಕಾಣದ ಸರಕು ಫೈಲಿನೊಳಗೆ ತುಂಬಿಕೊಂಡಿರುವುದರ ಲಕ್ಷಣ. ಫಿಲೆಟ್ ಕೂಡದಿರುವುದು ಇನ್ನೊಂದು. ಅದು ಎತ್ತರದ, ಅಂದರೆ ಝಡ್ ಮೌಲ್ಯದ ತೊಂದರೆ. ಹ್ಯಾಚ್‌ನ ಗೆರೆಗಳು ಮುರಿದು ಕಾಣುವುದು ಮೂರನೆಯದು. ಡ್ರಾಯಿಂಗ್ ಮೂಲಬಿಂದುವಿನಿಂದ (0,0 ಯಿಂದ) ಬಹಳ ದೂರದಲ್ಲಿದ್ದಾಗ ಹೀಗಾಗುತ್ತದೆ. ಮೂರಕ್ಕೂ ಔಷಧ ಬೇರೆ. ಯಾವುದಕ್ಕೂ ಔಷಧ ಕೊಡುವ ಮೊದಲು ಫೈಲಿನ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ, ಆಮೇಲೆ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ಐಡಿ ಕಮಾಂಡ್ ಕೊಟ್ಟು ನಿಮ್ಮ ಕಟ್ಟಡದ ಒಂದು ಮೂಲೆಯನ್ನು ಕ್ಲಿಕ್ ಮಾಡಿ. ಎಕ್ಸ್, ವೈ, ಝಡ್ ಮೂರೂ ಕಮಾಂಡ್ ಲೈನಿನಲ್ಲಿ ಬರುತ್ತವೆ. ಆಮೇಲೆ ದೂರ ಅಳೆಯುವ ಡಿಸ್ಟ್ ಕೊಟ್ಟು, ಫಿಲೆಟ್ ಒಪ್ಪದ ಎರಡು ಗೆರೆಗಳು ಸೇರುವ ಮೂಲೆಯಲ್ಲಿ ಒಂದರ ತುದಿಯಿಂದ ಇನ್ನೊಂದರ ತುದಿಗೆ ಅಳೆದು, ಡೆಲ್ಟಾ ಝಡ್ (ಎತ್ತರದ ವ್ಯತ್ಯಾಸ) ಎಷ್ಟು ಬರುತ್ತದೆ ಎಂದು ಇಲ್ಲಿ ಬರೆಯಿರಿ.

ನಕ್ಷೆಗಾರ್ತಿ:

ಐಡಿ ಕೊಟ್ಟಾಗ ಎಕ್ಸ್ ಸುಮಾರು 5 ಲಕ್ಷ, ವೈ ಸುಮಾರು 40 ಲಕ್ಷ ಎಂದು ಬರುತ್ತಿದೆ. ಯೂನಿಟ್ ಮೀಟರ್. ಡೆಲ್ಟಾ ಝಡ್ ಸೊನ್ನೆಯಲ್ಲ. ಒಂದು ಗೆರೆಯ ತುದಿ ಸೊನ್ನೆಯಲ್ಲಿದ್ದರೆ ಇನ್ನೊಂದರದು ನೆಲದ ಮಟ್ಟದ ಎತ್ತರದಲ್ಲಿದೆ. ಮೇಲಿನಿಂದ ನೋಡಿದರೆ ಎರಡೂ ಮುಟ್ಟಿಕೊಂಡಿವೆ.

ಗೋಡೆ ರೇಖೆ:

ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಎಲ್ಲವನ್ನೂ ಆಯ್ದು, ಮೂವ್ ಕೊಟ್ಟು 0,0 ಗೆ ತಂದುಬಿಡಿ. ಆಮೇಲೆ ಎಲ್ಲವನ್ನೂ ಸಮತಟ್ಟಾಗಿಸುವ ಫ್ಲಾಟನ್ ಕೊಡಿ. ಕೆಲಸ ಮುಗಿಯಿತು.

ಸರ್ವೇ ಕಂಬ:

ಗೋಡೆ ರೇಖೆಯವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ನಾನು ಸರ್ವೇ ಕೆಲಸ ಮಾಡುವವನು. ನಾವು ಕೊಟ್ಟ ಫೈಲನ್ನು ಹೀಗೆ ಎಳೆದು ತಂದು, ಎಷ್ಟು ದೂರ ಎಳೆದೆವೆಂದು ಎಲ್ಲಿಯೂ ಬರೆದಿಡದೆ, ಕೊನೆಗೆ ನೆಲದ ಮೇಲೆ ಗುರುತು ಹಾಕುವ ಹೊತ್ತಿಗೆ ನಿರ್ದೇಶಾಂಕ ಕೇಳುತ್ತಾ ಬರುವ ವಿನ್ಯಾಸಕಾರರನ್ನು ಮತ್ತೆ ಮತ್ತೆ ಕಂಡಿದ್ದೇನೆ. 5 ಲಕ್ಷ ಎನ್ನುವುದು ಎಲ್ಲಿಂದಲೋ ಬಂದ ಸಂಖ್ಯೆಯಲ್ಲ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಪ್ರತಿ ವಲಯದ ನಡುವಿನ ರೇಖಾಂಶಕ್ಕೆ 500000 ಮೀಟರ್ ಎಂಬ ಬೆಲೆ ಕೊಟ್ಟಿರುತ್ತಾರೆ. ಉತ್ತರ ಗೋಳಾರ್ಧದಲ್ಲಿ ವೈ ಎಂಬುದು ಸಮಭಾಜಕದಿಂದ ಉತ್ತರಕ್ಕಿರುವ ದೂರ. ವಲಯ ಯಾವುದೆಂದು ತಿಳಿದಿದ್ದರೆ ಆ ಎರಡು ಸಂಖ್ಯೆಗಳಿಂದಲೇ ನಿಮ್ಮ ಕಟ್ಟಡದ ಮೂಲೆ ಭೂಮಿಯ ಮೇಲೆ ಎಲ್ಲಿದೆ ಎಂದು ತಿಳಿಯುತ್ತದೆ. ಅದನ್ನು ಕಳೆದುಕೊಂಡರೆ ಡ್ರಾಯಿಂಗ್ ಚೆಂದವಾಗಿರುತ್ತದೆ, ಕಟ್ಟಡ ಮಾತ್ರ ಬೇರೆಡೆ ಏಳುತ್ತದೆ.

ಫ್ಲಾಟನ್ ಇನ್ನೂ ಅಪಾಯ. ಸಮ ಎತ್ತರದ ಜಾಗಗಳನ್ನು ಕೂಡಿಸುವ ಕಂಟೂರ್ ಗೆರೆಗಳ ಎತ್ತರವೇ ಅವುಗಳ ಅರ್ಥ. ಅವನ್ನು ಸೊನ್ನೆಗೆ ಇಳಿಸಿದರೆ ಚರಂಡಿಯ ಇಳಿಜಾರು, ಮಣ್ಣು ಅಗೆಯುವ ಮತ್ತು ತುಂಬುವ ಲೆಕ್ಕ ಎಲ್ಲವೂ ಹೋಗುತ್ತವೆ.

ಗೋಡೆ ರೇಖೆ:

ಸರ್ವೇ ಕಂಬದವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಆ ದೂರದಲ್ಲಿ ಕೆಲಸ ಮಾಡುವುದೇ ಕಷ್ಟವಾದಾಗ ವಿನ್ಯಾಸ ಮಾಡುವವರು ಏನು ಮಾಡಬೇಕು? ಯುಸಿಎಸ್, ಅಂದರೆ ನಾವೇ ಇಟ್ಟುಕೊಳ್ಳುವ ನಿರ್ದೇಶಾಂಕ ಅಕ್ಷಗಳನ್ನು, ಬದಲಿಸಿಕೊಳ್ಳಿ ಎನ್ನುತ್ತೀರಾ?

ಸರ್ವೇ ಕಂಬ:

ಹೌದು, ಯುಸಿಎಸ್‌ನ ಮೂಲಬಿಂದುವನ್ನು ಕಟ್ಟಡದ ಮೂಲೆಗೆ ತನ್ನಿ. ಡ್ರಾಯಿಂಗ್ ಅಲ್ಲಿಯೇ ಇರುತ್ತದೆ, ನಿಮಗೆ ಬೇಕಾದ ಸಣ್ಣ ಸಂಖ್ಯೆಗಳೂ ಸಿಗುತ್ತವೆ.

ದಶಮಾಂಶ:

ಇಲ್ಲಿ ಇಬ್ಬರಿಗೂ ಒಂದು ತಿದ್ದುಪಡಿ ಬೇಕಾಗಿದೆ. ಯುಸಿಎಸ್ ಬದಲಿಸಿದರೆ ನಾವು ಓದುವ ಸಂಖ್ಯೆಗಳು ಮಾತ್ರ ಬದಲಾಗುತ್ತವೆ. ವಸ್ತುಗಳು ಫೈಲಿನಲ್ಲಿ ವರ್ಲ್ಡ್ ನಿರ್ದೇಶಾಂಕದಲ್ಲಿಯೇ (ಫೈಲಿನ ಬದಲಾಗದ ಮೂಲ ಅಕ್ಷಗಳಲ್ಲಿಯೇ), ಅದೇ 40 ಲಕ್ಷದ ದೂರದಲ್ಲಿಯೇ ಉಳಿದಿರುತ್ತವೆ. ಆದುದರಿಂದ ಹ್ಯಾಚ್‌ನ ತೊಂದರೆ ಯುಸಿಎಸ್‌ನಿಂದ ಹೋಗುವುದಿಲ್ಲ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಪರಿಹಾರಕ್ಕೆ ಜಗಳವಾಡಬೇಕಾಗುವುದಿಲ್ಲ. ಆಟೋಕ್ಯಾಡ್ ತನ್ನ ಫೈಲಿನಲ್ಲಿ ಪ್ರತಿ ನಿರ್ದೇಶಾಂಕವನ್ನೂ 64 ಬಿಟ್‌ನ ಸಂಖ್ಯೆಯಾಗಿ ಇಡುತ್ತದೆ. ಅದರಲ್ಲಿ ಸುಮಾರು 15ರಿಂದ 16 ಅಂಕಿಗಳ ನಿಖರತೆಯಿದೆ. 40 ಲಕ್ಷ ಮೀಟರ್ ದೂರದಲ್ಲಿಯೂ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ ಒಂದು ನ್ಯಾನೋಮೀಟರಿಗಿಂತ ಕಡಿಮೆ. ಹೀಗಾಗಿ ಫೈಲಿನಲ್ಲಿರುವ ನಿಮ್ಮ ಗೆರೆ ಸರಿಯಾಗಿಯೇ ಇದೆ. ಆದರೆ ಪರದೆಯ ಮೇಲೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ವ್ಯವಸ್ಥೆ ಸಾಮಾನ್ಯವಾಗಿ 32 ಬಿಟ್‌ನ ಸಂಖ್ಯೆಗಳಲ್ಲಿ ಕೆಲಸ ಮಾಡುತ್ತದೆ. ಅದರ ನಿಖರತೆ ಸುಮಾರು 7 ಅಂಕಿ. ಅದೇ 40 ಲಕ್ಷ ಮೀಟರ್ ದೂರದಲ್ಲಿ 32 ಬಿಟ್‌ನ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ 0.25 ಮೀಟರ್, ಅಂದರೆ 25 ಸೆಂಟಿಮೀಟರ್. ಒಂದು ಗೋಡೆಯ ದಪ್ಪದಷ್ಟು! ತಂತ್ರಾಂಶಗಳು ಒಳಗೊಳಗೇ ಮೂಲವನ್ನು ಸರಿಸಿಕೊಂಡು ಇದನ್ನು ಆದಷ್ಟು ಮರೆಮಾಡುತ್ತವೆ. ಆದರೂ ಹ್ಯಾಚ್‌ನಂತಹ ಸೂಕ್ಷ್ಮ ಗೆರೆಗಳಲ್ಲಿ, ಮೂರು ಆಯಾಮದಲ್ಲಿ ತಿರುಗಿಸಿ ನೋಡುವಾಗ, ಅದು ಹೊರಬೀಳುತ್ತದೆ.

ಯೂನಿಟ್ಟನ್ನು ಮಿಲಿಮೀಟರಿಗೆ ಬದಲಿಸಿದರೆ ಸರಿಹೋಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಆಗ ಸಂಖ್ಯೆ 400 ಕೋಟಿಯಾಗುತ್ತದೆ, ಪಕ್ಕಪಕ್ಕದ ಸಂಖ್ಯೆಗಳ ನಡುವಿನ ಹೆಜ್ಜೆ 256 ಮಿಲಿಮೀಟರ್ ಆಗುತ್ತದೆ. ಅಂದರೆ ಇದ್ದಲ್ಲಿಯೇ ಇದ್ದಂತಾಯಿತು.

ಕಲಿಯುವವನು:

ಹಾಗಿದ್ದರೆ ಹ್ಯಾಚ್ ಒಂದನ್ನು ಮಾತ್ರ ಸರಿಪಡಿಸಿಕೊಳ್ಳಲು ತಾತ್ಕಾಲಿಕ ಉಪಾಯವೇನಾದರೂ ಇದೆಯೇ ಸರ್?

ದಶಮಾಂಶ:

ಇದೆ. ಹ್ಯಾಚ್‌ನ ವಿನ್ಯಾಸ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಎಚ್‌ಪಿಆರಿಜಿನ್ ಎಂಬ ವೇರಿಯಬಲ್ (ಸೆಟ್ಟಿಂಗ್) ನಿರ್ಧರಿಸುತ್ತದೆ. ಅದು 0,0 ಯಲ್ಲಿದ್ದರೆ ತಂತ್ರಾಂಶವು ವಿನ್ಯಾಸವನ್ನು ಅಷ್ಟು ದೂರದಿಂದ ಎಣಿಸಿಕೊಂಡು ಬರಬೇಕಾಗುತ್ತದೆ. ನೀವು ಹ್ಯಾಚ್ ಹಾಕುವ ಜಾಗದೊಳಗಿನ ಒಂದು ಬಿಂದುವನ್ನೇ ಮೂಲವಾಗಿ ಕೊಟ್ಟರೆ ಗೆರೆಗಳು ಬಹುತೇಕ ನೆಟ್ಟಗಾಗುತ್ತವೆ. ಅಂಚಿನಲ್ಲಿ ನಿಜವಾಗಿಯೂ ಸಣ್ಣ ಬಿರುಕಿದ್ದರೆ ಎಚ್‌ಪಿಗ್ಯಾಪ್‌ಟಾಲ್‌ನಲ್ಲಿ ಎಷ್ಟು ಅಂತರವನ್ನು ಮನ್ನಿಸಬೇಕೆಂದು ಹೇಳಬಹುದು. ಆದರೆ ಕ್ಷೇತ್ರಫಲವನ್ನು ಆ ಹ್ಯಾಚ್‌ನಿಂದಲೇ ತೆಗೆಯುವವರು ಬಿರುಕನ್ನು ಮುಚ್ಚಿಯೇ ಮುಂದೆ ಹೋಗುವುದು ಒಳ್ಳೆಯದು.

ಹಳೆಯ ಕೈ:

ದಶಮಾಂಶ ಅವರ ವಿವರಣೆಗೆ ಧನ್ಯವಾದ. ಈಗ ನಿರ್ದೇಶಾಂಕವೂ ಉಳಿಯಬೇಕು, ಕೆಲಸವೂ ಸುಗಮವಾಗಬೇಕು ಎಂದರೆ ಏನು ಮಾಡಬೇಕೆಂದು ನಾನು ಬಳಸುವ ದಾರಿಯನ್ನು ಹೇಳುತ್ತೇನೆ.

ಸರ್ವೇ ಫೈಲನ್ನು ಮುಟ್ಟಲೇಬೇಡಿ. ಅದು ಬಂದಂತೆಯೇ ಇರಲಿ. ವಿನ್ಯಾಸಕ್ಕೆಂದು ಹೊಸ ಫೈಲನ್ನು ತೆರೆದು, ಸರ್ವೇ ಫೈಲನ್ನು ಅದರೊಳಕ್ಕೆ ಎಕ್ಸ್‌ರೆಫ್ ಆಗಿ, ಅಂದರೆ ಹೊರಗಿನಿಂದ ಜೋಡಿಸಿದ ಫೈಲಾಗಿ, ತನ್ನಿ. ತರುವಾಗ ಇನ್ಸರ್ಷನ್ ಪಾಯಿಂಟನ್ನು (ಕೂರಿಸುವ ಬಿಂದುವನ್ನು) ಕೈಯಿಂದ ಟೈಪ್ ಮಾಡಿ: ಎಕ್ಸ್‌ಗೆ ಮೈನಸ್ 500000, ವೈಗೆ ಮೈನಸ್ 4000000 ಎಂಬಂತೆ ದುಂಡಗಿನ ಸಂಖ್ಯೆಗಳನ್ನೇ ಕೊಡಿ. ದುಂಡಗಿನ ಸಂಖ್ಯೆ ಕೊಡಲು ಕಾರಣವೆಂದರೆ ಅದನ್ನು ಮರೆಯುವುದು ಕಷ್ಟ, ತಪ್ಪು ಬರೆಯುವುದೂ ಕಷ್ಟ. ಕಟ್ಟಡದ ಮೂಲೆ ಸರಿಯಾಗಿ 0,0 ಗೆ ಬರಬೇಕೆಂಬ ಹಟ ಬೇಡ. ಹತ್ತಿರಕ್ಕೆ ಬಂದರೆ ಸಾಕು. ಕೆಲವು ಸಾವಿರ ಮೀಟರಿನೊಳಗಿದ್ದರೆ ಹೆಜ್ಜೆಯ ಅಂತರ ಒಂದು ಮಿಲಿಮೀಟರಿಗಿಂತ ಕೆಳಗಿಳಿಯುತ್ತದೆ.

ಆಮೇಲೆ ಇದೇ ಹೊಸ ಫೈಲಿನಲ್ಲಿ ಮೂಲಬಿಂದುವನ್ನು ಮೈನಸ್ 500000, ಮೈನಸ್ 4000000 ಕ್ಕೆ ಇಟ್ಟು ಒಂದು ಯುಸಿಎಸ್ ಮಾಡಿ, ಅದಕ್ಕೆ ಸರ್ವೇ ಎಂದು ಹೆಸರು ಕೊಟ್ಟು ಉಳಿಸಿಕೊಳ್ಳಿ. ಗುರುತು ಹಾಕುವವರಿಗೆ ನಿರ್ದೇಶಾಂಕ ಬೇಕಾದಾಗ ಆ ಯುಸಿಎಸ್‌ಗೆ ಹೋಗಿ ಐಡಿ ಕೊಟ್ಟರೆ ಭೂಮಿಯ ಮೇಲಿನ ನಿಜವಾದ ಸಂಖ್ಯೆಗಳೇ ಬರುತ್ತವೆ. ಸರ್ವೇ ಕಂಬದವರು ಹೇಳಿದ ಯುಸಿಎಸ್ ಹೀಗೆ ಉಪಯೋಗಕ್ಕೆ ಬರುತ್ತದೆ, ದಿಕ್ಕು ಮಾತ್ರ ತಿರುಗುಮುರುಗು. ಸರಿಸಿದ ದೂರವನ್ನು ಡ್ರಾಯಿಂಗಿನ ಶೀರ್ಷಿಕೆಯ ಪಕ್ಕದಲ್ಲಿಯೇ ಅಕ್ಷರಗಳಲ್ಲಿ ಬರೆದಿಡಿ.

ಸರ್ವೇ ಕಂಬ:

ಈ ದಾರಿಗೆ ನನ್ನ ಪೂರ್ಣ ಒಪ್ಪಿಗೆ. ಒಂದೇ ಮಾತು ಸೇರಿಸುತ್ತೇನೆ: ಕಟ್ಟಡ ಓರೆಯಾಗಿದೆ ಎಂದು ಎಕ್ಸ್‌ರೆಫನ್ನು ರೊಟೇಟ್ ಮಾಡಬೇಡಿ. ಯುಸಿಎಸ್ ಅನ್ನು ಕಟ್ಟಡದ ದಿಕ್ಕಿಗೆ ತಿರುಗಿಸಿ, ಪ್ಲಾನ್ ಕಮಾಂಡ್ ಕೊಟ್ಟರೆ ಪರದೆ ನೆಟ್ಟಗಾಗುತ್ತದೆ. ಉತ್ತರ ದಿಕ್ಕು ಎಲ್ಲಿತ್ತೋ ಅಲ್ಲಿಯೇ ಇರುತ್ತದೆ.

ಸೇತುವೆ:

ಕಟ್ಟಡ ವಿನ್ಯಾಸದ ರೆವಿಟ್ ತಂತ್ರಾಂಶ ಬಳಸುವವರಿಗೂ ಇದು ಅನ್ವಯಿಸುತ್ತದೆ. ಒಳಗೆ ತಂದ ಫೈಲಿನ ವಿಸ್ತಾರ 20 ಮೈಲಿಗಿಂತ ಹೆಚ್ಚಿದ್ದರೆ ರೆವಿಟ್ ಎಚ್ಚರಿಕೆ ಕೊಡುತ್ತದೆ. ಎಷ್ಟೋ ಸಲ ಅಷ್ಟು ವಿಸ್ತಾರವಾಗಲು ಕಾರಣ, ಎಲ್ಲೋ ದೂರದಲ್ಲಿ ಬಿದ್ದಿರುವ ಒಂದೇ ಒಂದು ಚುಕ್ಕೆ ಅಥವಾ ಖಾಲಿ ಟೆಕ್ಸ್ಟ್. ಝೂಮ್ ಎಕ್ಸ್‌ಟೆಂಟ್ಸ್ ಕೊಟ್ಟಾಗ ನಿಮ್ಮ ಡ್ರಾಯಿಂಗ್ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಂತೆ ಕಂಡರೆ ಅದನ್ನೇ ಅನುಮಾನಿಸಿ. ಎಲ್ಲ ಲೇಯರ್‌ಗಳನ್ನೂ ಆನ್ ಮಾಡಿ, ಫ್ರೀಜ್ ಆಗಿರುವ ಪದರಗಳನ್ನು ಥಾ ಮಾಡಿ, ಎಲ್ಲವನ್ನೂ ಆಯ್ದು, ಶಿಫ್ಟ್ ಹಿಡಿದು ನಿಜವಾದ ಡ್ರಾಯಿಂಗನ್ನು ಆಯ್ಕೆಯಿಂದ ಹೊರಗಿಟ್ಟರೆ ಉಳಿಯುವುದು ಆ ದೂರದ ವಸ್ತುವೇ. ಪ್ರಾಪರ್ಟೀಸ್‌ನಲ್ಲಿ ಅದೇನೆಂದು ನೋಡಿಕೊಂಡು ಆಮೇಲೆ ಅಳಿಸಿ.

ನಕ್ಷೆಗಾರ್ತಿ:

ಹಳೆಯ ಕೈ ಅವರು ಹೇಳಿದಂತೆ ಹೊಸ ಫೈಲಿನೊಳಕ್ಕೆ ಸರ್ವೇ ತಂಡದ ಮೂಲ ಫೈಲನ್ನು ಎಕ್ಸ್‌ರೆಫ್ ಆಗಿ ತಂದು, ನಾನೆಳೆದ ಗೆರೆಗಳನ್ನೂ ಅಷ್ಟೇ ದೂರ ಸರಿಸಿ ಅದಕ್ಕೆ ಸೇರಿಸಿದೆ. ಹ್ಯಾಚ್ ಈಗ ಸರಿಯಾಗಿ ತುಂಬುತ್ತಿದೆ, ತುಂಬಾ ಧನ್ಯವಾದಗಳು. ಆದರೆ ನಾನು ಈಗಾಗಲೇ ಎಳೆದಿರುವ ರಸ್ತೆ ಮತ್ತು ಕಟ್ಟಡದ ಗೆರೆಗಳಲ್ಲಿ ಕೆಲವು ಸೊನ್ನೆಯಲ್ಲಿವೆ, ಕೆಲವು ಕಂಟೂರಿನ ಎತ್ತರದಲ್ಲಿವೆ. ನಾನು ಎಲ್ಲಿಯೂ ಝಡ್ ಕೊಟ್ಟಿಲ್ಲ. ಅದು ಹೇಗೆ ಬಂತು?

ಹಳೆಯ ಕೈ:

ಆಬ್ಜೆಕ್ಟ್ ಸ್ನ್ಯಾಪ್‌ನಿಂದ, ಅಂದರೆ ಕರ್ಸರ್ ವಸ್ತುವಿನ ಬಿಂದುವಿಗೆ ಅಂಟಿಕೊಳ್ಳುವುದರಿಂದ, ಬಂತು. ನೀವು ಕಂಟೂರಿನ ತುದಿಗೆ ಅಥವಾ ಮಟ್ಟದ ಬಿಂದುವಿಗೆ ಸ್ನ್ಯಾಪ್ ಮಾಡಿ ಲೈನ್ ಎಳೆದರೆ, ಸ್ನ್ಯಾಪ್ ಆ ಬಿಂದುವಿನ ಎಕ್ಸ್, ವೈ ಜೊತೆಗೆ ಝಡ್ ಅನ್ನೂ ತೆಗೆದುಕೊಳ್ಳುತ್ತದೆ. ಮೇಲಿನಿಂದ ನೋಡುವಾಗ ಕಾಣುವುದಿಲ್ಲ. ಆಮೇಲೆ ಉದ್ದ ಅಳೆದರೆ ತಪ್ಪು ಬರುತ್ತದೆ: ನಕ್ಷೆಯಲ್ಲಿ 3 ಮೀಟರ್ ದೂರವಿರುವ ಎರಡು ಬಿಂದುಗಳ ನಡುವೆ ಎತ್ತರದಲ್ಲಿ 4 ಮೀಟರ್ ವ್ಯತ್ಯಾಸವಿದ್ದರೆ ಡಿಸ್ಟ್ ನಿಮಗೆ 5 ಮೀಟರ್ ಎಂದು ಹೇಳುತ್ತದೆ. ಅದು ಸರಿಯಾದ ಉತ್ತರವೇ, ನೀವು ಕೇಳಿದ ಪ್ರಶ್ನೆಗೆ ಮಾತ್ರ ಅಲ್ಲ.

ಓಸ್ನ್ಯಾಪ್‌ಝಡ್ ಎಂಬ ವೇರಿಯಬಲ್ಲನ್ನು 1 ಕ್ಕೆ ಇಡಿ. ಆಗ ಸ್ನ್ಯಾಪ್ ಮಾಡಿದ ಬಿಂದುವಿನ ಝಡ್ ಬದಲಿಗೆ ಸದ್ಯದ ಎಲಿವೇಷನ್ ಬರುತ್ತದೆ. ಎಲಿವೇಷನ್ ಸೊನ್ನೆಯಾಗಿದೆಯೇ ಎಂದೂ ನೋಡಿಕೊಳ್ಳಿ. ಮೂರು ಆಯಾಮದ ಕೆಲಸಕ್ಕೆ ಹೋದಾಗ ಓಸ್ನ್ಯಾಪ್‌ಝಡ್ ಅನ್ನು ಮತ್ತೆ 0 ಗೆ ತರಲು ಮರೆಯಬೇಡಿ.

ಕಲಿಯುವವನು:

ಈಗಾಗಲೇ ಕೆಟ್ಟಿರುವ ಗೆರೆಗಳನ್ನು ಸಮತಟ್ಟು ಮಾಡುವುದು ಹೇಗೆ? ಫ್ಲಾಟನ್ ಬೇಡವೆಂದಿರಿ.

ದಶಮಾಂಶ:

ಕಂಟೂರುಗಳಿಗೆ ಬೇಡವೆಂದರು. ಅವು ಈಗ ಎಕ್ಸ್‌ರೆಫ್‌ನಲ್ಲಿ ಸುರಕ್ಷಿತವಾಗಿವೆಯಾದ್ದರಿಂದ ನಮ್ಮ ಗೆರೆಗಳನ್ನು ಧೈರ್ಯವಾಗಿ ಇಳಿಸಬಹುದು. ಲೈನ್‌ಗಳಾದರೆ ಎಲ್ಲವನ್ನೂ ಆಯ್ದು ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟ್ ಝಡ್, ಎಂಡ್ ಝಡ್ ಎರಡನ್ನೂ 0 ಮಾಡಿ. ಪಾಲಿಲೈನ್‌ಗಳಾದರೆ (ಹಲವು ತುಂಡುಗಳು ಕೂಡಿ ಒಂದೇ ವಸ್ತುವಾದ ಗೆರೆಗಳಾದರೆ) ಎಲಿವೇಷನ್ 0 ಮಾಡಿ. ಇದು ನಿಧಾನವಾದರೂ ಏನಾಗುತ್ತಿದೆ ಎಂದು ಕಣ್ಣೆದುರಿಗೇ ಇರುತ್ತದೆ.

ಇನ್ನೊಂದು ಹಳೆಯ ತಂತ್ರವಿದೆ. ವಸ್ತುಗಳನ್ನು ಆಯ್ದು ಮೂವ್ ಕೊಟ್ಟು, 0,0,1e99 ಎಂದು ಝಡ್ ದಿಕ್ಕಿನಲ್ಲಿ ಮೇಲಕ್ಕೆ ಕಳಿಸುವುದು. ಆಮೇಲೆ 0,0,-1e99 ಎಂದು ಅಷ್ಟೇ ದೂರ ಕೆಳಕ್ಕೆ ತರುವುದು. 1ರ ಮುಂದೆ 99 ಸೊನ್ನೆಗಳಿರುವ ಸಂಖ್ಯೆಗೆ ನೆಲದ ಮಟ್ಟದ ಕೆಲವು ನೂರು ಮೀಟರುಗಳನ್ನು ಕೂಡಿದರೆ, 16 ಅಂಕಿಗಳ ನಿಖರತೆಯಲ್ಲಿ ಆ ಮೀಟರುಗಳಿಗೆ ಜಾಗವೇ ಇರುವುದಿಲ್ಲ; ಎಲ್ಲ ಗೆರೆಗಳ ಎತ್ತರವೂ ಒಂದೇ ಆಗಿಬಿಡುತ್ತದೆ. ವಾಪಸು ಬಂದಾಗ ಎಲ್ಲವೂ ಸೊನ್ನೆಯಲ್ಲಿರುತ್ತವೆ. ಹ್ಯಾಚ್ ಕೆಡಿಸಿದ ಅದೇ ಮಿತಿಯನ್ನು ಇಲ್ಲಿ ನಮ್ಮ ಕೆಲಸಕ್ಕೆ ಬಳಸಿಕೊಳ್ಳುತ್ತಿದ್ದೇವೆ. ಬ್ಲಾಕಿನ ಒಳಗಿರುವ ಗೆರೆಗಳ ಎತ್ತರ ಇದರಿಂದ ಬದಲಾಗುವುದಿಲ್ಲ, ಅದಕ್ಕೆ ಬ್ಲಾಕ್ ಎಡಿಟರಿಗೇ ಹೋಗಬೇಕು.

ಗೋಡೆ ರೇಖೆ:

ಇಷ್ಟೆಲ್ಲ ತಾಪತ್ರಯವೇಕೆ? ಎಲ್ಲವನ್ನೂ ಎಕ್ಸ್‌ಪ್ಲೋಡ್ ಮಾಡಿ, ಬರೀ ಗೆರೆಗಳಾದ ಮೇಲೆ ಸರಿಪಡಿಸಿದರೆ ಆಗುವುದಿಲ್ಲವೇ?

ಪದರಗಾರ:

ಎಕ್ಸ್‌ಪ್ಲೋಡ್ ವಿಷಯದಲ್ಲಿ ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಹ್ಯಾಚ್ ಒಡೆದರೆ ಒಂದು ವಸ್ತುವಿನ ಬದಲು ಸಾವಿರಾರು ತುಂಡು ಗೆರೆಗಳಾಗಿ ಫೈಲು ಮತ್ತಷ್ಟು ಭಾರವಾಗುತ್ತದೆ. ಡೈಮೆನ್ಷನ್ ಒಡೆದರೆ ಅಳತೆ ಬರೀ ಅಕ್ಷರವಾಗುತ್ತದೆ. ಗೋಡೆ ಸರಿದರೂ ಹಳೆಯ ಅಂಕಿಯೇ ಉಳಿಯುತ್ತದೆ, ಕೆಲಸದ ಜಾಗದಲ್ಲಿ ಅದನ್ನೇ ನಂಬಿ ಕಟ್ಟುತ್ತಾರೆ. ಆಟ್ರಿಬ್ಯೂಟ್ (ಬ್ಲಾಕಿಗೆ ಸೇರಿಸಿದ ಮಾಹಿತಿ) ಇರುವ ಬ್ಲಾಕ್ ಒಡೆದರೆ ಒಳಗೆ ತುಂಬಿದ್ದ ಮಾಹಿತಿ ಹೋಗಿ ಬರೀ ಟ್ಯಾಗ್, ಅಂದರೆ ಅದರ ಹೆಸರು, ಉಳಿಯುತ್ತದೆ. ಒಡೆಯಲೇಬೇಕಾದ ಸಂದರ್ಭ ಬಂದರೆ ಎಕ್ಸ್‌ಪ್ರೆಸ್ ಟೂಲ್ಸ್‌ನ ಬರ್ಸ್ಟ್ ಬಳಸಿ; ಅದು ಆಟ್ರಿಬ್ಯೂಟ್‌ನ ಮೌಲ್ಯವನ್ನು ಟೆಕ್ಸ್ಟ್ ಆಗಿ ಉಳಿಸುತ್ತದೆ.

ಇಷ್ಟಕ್ಕೂ ಮೇಡಂ ಅವರ ಮೊದಲ ದೂರು ಹಾಗೆಯೇ ಉಳಿದಿದೆಯಲ್ಲ. ಆ 60 ಎಂಬಿ ಎಲ್ಲಿಂದ ಬಂತು?

ಹಳೆಯ ಕೈ:

ಅದಕ್ಕೇ ಬರುತ್ತಿದ್ದೆ. ಕಣ್ಣಿಗೆ ಕಾಣದ ಸರಕಿನಲ್ಲಿ ಮುಖ್ಯವಾಗಿ ಮೂರು ಬಗೆಯನ್ನು ನೋಡಿದ್ದೇನೆ.

ಮೊದಲನೆಯದು ರೆಗ್‌ಆಪ್‌ಗಳು. ಬೇರೆ ಬೇರೆ ತಂತ್ರಾಂಶಗಳು ಮತ್ತು ಆಡ್‌ಆನ್‌ಗಳು ವಸ್ತುಗಳಿಗೆ ತಮ್ಮ ಮಾಹಿತಿಯನ್ನು ಅಂಟಿಸುವಾಗ ಫೈಲಿನಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳುತ್ತವೆ. ಎಕ್ಸ್‌ರೆಫ್ ಮತ್ತು ಕಾಪಿ ಪೇಸ್ಟ್ ಮೂಲಕ ಆ ಹೆಸರುಗಳು ಒಂದು ಫೈಲಿನಿಂದ ಇನ್ನೊಂದಕ್ಕೆ ಹರಡುತ್ತಾ ಹೋಗುತ್ತವೆ. ಪರ್ಜ್ ಎಂದು ಕೊಟ್ಟು ತೆರೆದ ಕಿಟಕಿಯಲ್ಲಿ ಎಲ್ಲವನ್ನೂ ಅಳಿಸಿದೆವೆಂದುಕೊಂಡರೂ ಅವು ಉಳಿದಿರಬಹುದು. ಪರ್ಜ್ ಎಂಬ ಪದದ ಆರಂಭಕ್ಕೆ ಒಂದು ಹೈಫನ್ ಹಾಕಿ (-PURGE) ಕಮಾಂಡ್ ಲೈನಿನಲ್ಲಿ ಕೊಡಿ, ಆಯ್ಕೆಗಳಲ್ಲಿ ರೆಗ್‌ಆಪ್ಸ್ ಆರಿಸಿ, ಹೆಸರು ಕೇಳಿದಾಗ ನಕ್ಷತ್ರ ಚಿಹ್ನೆ ಕೊಡಿ, ಒಂದೊಂದನ್ನೂ ಕೇಳಬೇಕೇ ಎಂದಾಗ ಬೇಡ ಎನ್ನಿ. ಹಳೆಯ ಫೈಲುಗಳಲ್ಲಿ ಹೆಸರುಗಳು ಸಾಲುಸಾಲಾಗಿ ಉರುಳುತ್ತಾ ಹೋಗುವುದನ್ನು ನೋಡಬಹುದು.

ಎರಡನೆಯದು ಸ್ಕೇಲ್‌ಗಳ ಪಟ್ಟಿ. ಸ್ಕೇಲ್‌ಲಿಸ್ಟ್‌ಎಡಿಟ್ ತೆರೆದಾಗ 1:100 ಎಂಬುದರ ಹಿಂದೆ ಎಕ್ಸ್‌ರೆಫ್, ಎಕ್ಸ್‌ರೆಫ್ ಎಂದು ಬಾಲ ಬೆಳೆದ ನೂರಾರು ಹೆಸರುಗಳಿದ್ದರೆ ರೀಸೆಟ್ ಒತ್ತಿ.

ಮೂರನೆಯದೇ ನಿಮ್ಮ ಫೈಲಿನಲ್ಲಿರಬಹುದೆಂದು ನನ್ನ ಅನುಮಾನ. ಸಣ್ಣ ವಸ್ತುವನ್ನು ಪೇಸ್ಟ್ ಮಾಡಲು ಬಹಳ ಹೊತ್ತು ಹಿಡಿಯುವುದು ಮತ್ತು ಪೇಸ್ಟ್ ಮಾಡಿಸಿಕೊಂಡ ಹೊಸ ಫೈಲೂ ಅಷ್ಟೇ ದೊಡ್ಡದಾಗುವುದು ಡಿಜಿಎನ್ ಲೈನ್‌ಟೈಪ್‌ಗಳ (ಗೆರೆಯ ಬಗೆಗಳ) ಸ್ಪಷ್ಟ ಲಕ್ಷಣ. ಮೈಕ್ರೋಸ್ಟೇಷನ್ ಎಂಬ ಬೇರೆ ತಂತ್ರಾಂಶದ ಡಿಜಿಎನ್ ಫೈಲನ್ನು ಯಾರೋ ಯಾವಾಗಲೋ ಒಳಗೆ ತಂದಿದ್ದರೆ ಅದರ ಲೈನ್‌ಟೈಪ್‌ಗಳ ಒಳಭಾಗಗಳು ಫೈಲಿನಲ್ಲಿ ಸೇರಿಕೊಂಡು, ಸಾಮಾನ್ಯ ಪರ್ಜ್‌ಗೆ ಸಿಗದೆ, ಪ್ರತಿ ಕಾಪಿಯ ಜೊತೆಯೂ ಹೊರಟುಬಿಡುತ್ತವೆ. ಈಚಿನ ಆವೃತ್ತಿಗಳಲ್ಲಿ ಇದಕ್ಕೆಂದೇ ಡಿಜಿಎನ್‌ಪರ್ಜ್ ಎಂಬ ಕಮಾಂಡ್ ಇದೆ. ಬಳಕೆಯಲ್ಲಿರುವ ಲೈನ್‌ಟೈಪನ್ನು ಅದು ತೆಗೆಯುವುದಿಲ್ಲ, ಆದುದರಿಂದ ಅಂತಹ ಗೆರೆಗಳಿದ್ದರೆ ಮೊದಲು ಅವುಗಳ ಲೈನ್‌ಟೈಪನ್ನು ಬದಲಿಸಿ. ಡಿಜಿಎನ್‌ಪರ್ಜ್ ಆದ ಮೇಲೆ ಪರ್ಜ್, ಆಡಿಟ್ ಕೊಟ್ಟು, ಸೇವ್ ಮಾಡಿ, ಮುಚ್ಚಿ ತೆರೆದು ಗಾತ್ರ ನೋಡಿ.

ಉಚಿತ ತಂತ್ರಾಂಶ:

ಲಿಬ್ರೆಕ್ಯಾಡ್, ಕ್ಯೂಕ್ಯಾಡ್‌ಗಳಲ್ಲಿ ಡಿಎಕ್ಸ್‌ಎಫ್ (ತಂತ್ರಾಂಶಗಳ ನಡುವೆ ಡ್ರಾಯಿಂಗ್ ವಿನಿಮಯದ ಫೈಲು) ಮೂಲಕ ಕೆಲಸ ಮಾಡುವವರಿಗೂ ಒಂದು ಮಾತು. ಸಾಮಾನ್ಯ ಡಿಎಕ್ಸ್‌ಎಫ್ ಬರೀ ಅಕ್ಷರಗಳ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಹೆಡರ್ ಭಾಗದಲ್ಲಿ ಇನ್ಸ್‌ಯುನಿಟ್ಸ್ ಎಂಬುದನ್ನು ಹುಡುಕಿದರೆ ಯೂನಿಟ್ ಯಾವುದೆಂದು ಅಲ್ಲಿಯೇ ಗೊತ್ತಾಗುತ್ತದೆ: 1 ಎಂದರೆ ಇಂಚು, 4 ಎಂದರೆ ಮಿಲಿಮೀಟರ್, 6 ಎಂದರೆ ಮೀಟರ್. ಒಳಗೆ ತಂದ ಬ್ಲಾಕ್ 1000 ಪಟ್ಟು ಅಥವಾ 25.4 ಪಟ್ಟು ಹೆಚ್ಚುಕಡಿಮೆಯಾಗಿ ಬಂದರೆ ಬೇರೇನನ್ನೂ ಹುಡುಕದೆ ಇದನ್ನು ನೋಡಿ.

ಡಿಡಬ್ಲ್ಯುಜಿ ತೆರೆಯುತ್ತಿಲ್ಲವೆಂದು ಬರುವವರಿಗೂ ನೋಟ್‌ಪ್ಯಾಡೇ ಸಹಾಯ ಮಾಡುತ್ತದೆ. ಫೈಲಿನ ಮೊದಲ ಆರು ಅಕ್ಷರಗಳಲ್ಲಿ ಎಸಿ1027 ಎಂದಿದ್ದರೆ ಅದು 2013ರ ಸ್ವರೂಪ, ಎಸಿ1032 ಎಂದಿದ್ದರೆ 2018ರ ಸ್ವರೂಪ. ಉಳಿದದ್ದೆಲ್ಲ ಓದಲಾಗದ ಚಿಹ್ನೆಗಳಾಗಿದ್ದರೂ ಈ ಆರು ಅಕ್ಷರ ಸ್ಪಷ್ಟವಾಗಿರುತ್ತವೆ. ಏನನ್ನೂ ಸೇವ್ ಮಾಡದೆ ಮುಚ್ಚಿಬಿಡಿ, ಅಷ್ಟೇ.

ಸರ್ವೇ ಕಂಬ:

ಯೂನಿಟ್ ಮಾತು ಬಂದದ್ದರಿಂದ ಹೇಳುತ್ತೇನೆ. ಇನ್ಸ್‌ಯುನಿಟ್ಸ್‌ನಲ್ಲಿ 2 ಎಂದರೆ ಸಾಮಾನ್ಯ ಅಡಿ, 21 ಎಂದರೆ ಅಮೆರಿಕದ ಸರ್ವೇ ಅಡಿ. ಅಂತರರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್, ಸರ್ವೇ ಅಡಿ ಎಂದರೆ ಮೀಟರಿನ 3937ರಲ್ಲಿ 1200 ಭಾಗ. ಎರಡರ ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಮಾತ್ರ. ಒಂದು ಕೋಣೆಯೊಳಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಆದರೆ 40 ಲಕ್ಷ ಮೀಟರ್ ದೂರದ ನಿರ್ದೇಶಾಂಕಕ್ಕೆ ಗುಣಿಸಿ ನೋಡಿ, 8 ಮೀಟರ್ ಬರುತ್ತದೆ. ಅಮೆರಿಕದಲ್ಲಿ ಆ ಅಡಿಯನ್ನು 2022ರ ಕೊನೆಗೆ ಅಧಿಕೃತ ಬಳಕೆಯಿಂದ ಕೈಬಿಟ್ಟರು. ಹಳೆಯ ಫೈಲುಗಳಲ್ಲಿ ಅದು ಇನ್ನೂ ಇದೆ.

ಗೋಡೆ ರೇಖೆ:

8 ಮೀಟರ್ ಎಂದರೆ ಪಕ್ಕದವರ ಜಾಗದೊಳಕ್ಕೆ ಹೋದಂತೆ. ದೊಡ್ಡ ನಿರ್ದೇಶಾಂಕ ಏಕೆ ಮುಖ್ಯ ಎಂಬ ನಿಮ್ಮ ಮಾತು ಈ ಲೆಕ್ಕದಿಂದ ನನಗೆ ಪೂರ್ತಿ ಮನದಟ್ಟಾಯಿತು. ಆದರೂ ಒಂದು ಒಳಾಂಗಣದ ಡ್ರಾಯಿಂಗಿಗೆ, ನೆಲದ ಮೇಲೆ ಗುರುತು ಹಾಕುವ ಅಗತ್ಯವೇ ಇಲ್ಲದಿದ್ದರೆ, 0,0 ಗೆ ಎಳೆದು ತರುವುದರಲ್ಲಿ ತಪ್ಪಿಲ್ಲ ಎಂಬ ಮಾತಿಗೆ ನಾನು ಈಗಲೂ ಬದ್ಧ.

ಸರ್ವೇ ಕಂಬ:

ಒಳಾಂಗಣಕ್ಕಾದರೆ ನನ್ನ ಆಕ್ಷೇಪವಿಲ್ಲ.

ಕಲಿಯುವವನು:

ಈ ಸಾಹಸದ ನಡುವೆ ಫೈಲೇ ತೆರೆಯದಂತಾದರೆ?

ಪದರಗಾರ:

ಮೊದಲು ರಿಕವರ್ ಕಮಾಂಡ್ ಕೊಟ್ಟು ಆ ಫೈಲನ್ನು ಆರಿಸಿ. ಎಕ್ಸ್‌ರೆಫ್‌ಗಳಿದ್ದರೆ ರಿಕವರ್‌ಆಲ್ ಅವುಗಳನ್ನೂ ಸೇರಿಸಿ ಸರಿಪಡಿಸುತ್ತದೆ. ಆಡಿಟ್ ತೆರೆದ ಫೈಲಿಗೆ, ರಿಕವರ್ ತೆರೆಯದ ಫೈಲಿಗೆ. ಅದೂ ಆಗದಿದ್ದರೆ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಬಿಎಕೆ ಫೈಲು ಇರುತ್ತದೆ. ಅದನ್ನು ಬೇರೆ ಜಾಗಕ್ಕೆ ನಕಲು ಮಾಡಿ, ಕೊನೆಯ ಭಾಗವನ್ನು ಡಿಡಬ್ಲ್ಯುಜಿ ಎಂದು ಬದಲಿಸಿ ತೆರೆಯಿರಿ. ಅದು ಕೊನೆಯ ಸೇವ್‌ಗೆ ಹಿಂದಿನ ಸ್ಥಿತಿ. ತಾನಾಗಿ ಉಳಿಸಿದ ಪ್ರತಿಗಳು ಎಲ್ಲಿವೆಯೆಂದು ಸೇವ್‌ಫೈಲ್‌ಪಾತ್ ಹೇಳುತ್ತದೆ. ಎಷ್ಟು ನಿಮಿಷಕ್ಕೊಮ್ಮೆ ಉಳಿಸಬೇಕೆಂಬುದು ಸೇವ್‌ಟೈಮ್‌ನಲ್ಲಿದೆ, ಅದು 0 ಆಗಿದ್ದರೆ ಉಳಿಸುವುದೇ ಇಲ್ಲ. ಭಾರವಾದ ಫೈಲಿನಲ್ಲಿ ಕಿರಿಕಿರಿಯಾಗುತ್ತದೆಂದು ಕೆಲವರು ಅದನ್ನು 0 ಮಾಡಿಕೊಂಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಭಾರವಾದ ಫೈಲಿಗೇ ಅದರ ಅಗತ್ಯ ಹೆಚ್ಚು.

ನಕ್ಷೆಗಾರ್ತಿ:

ಎಲ್ಲರಿಗೂ ಫಲಿತಾಂಶ ತಿಳಿಸುತ್ತಿದ್ದೇನೆ. ಡಿಜಿಎನ್‌ಪರ್ಜ್ ಕೊಟ್ಟಾಗ ದೊಡ್ಡ ಸಂಖ್ಯೆಯಲ್ಲಿ ಲೈನ್‌ಟೈಪ್ ಭಾಗಗಳು ಹೋದವು. ರೆಗ್‌ಆಪ್‌ಗಳೂ ಬಹಳ ಇದ್ದವು. ವಿನ್ಯಾಸದ ಫೈಲು ಈಗ 3 ಎಂಬಿಗೆ ಇಳಿದಿದೆ, ಪೇಸ್ಟ್ ಕ್ಷಣದಲ್ಲಿ ಆಗುತ್ತಿದೆ. ನನ್ನ ಗೆರೆಗಳನ್ನು ಪ್ರಾಪರ್ಟೀಸ್ ಮೂಲಕವೇ ಸೊನ್ನೆಗೆ ಇಳಿಸಿದೆ, ಫಿಲೆಟ್ ಕೂಡುತ್ತಿದೆ. ಸರ್ವೇ ಎಂಬ ಯುಸಿಎಸ್‌ನಲ್ಲಿ ಐಡಿ ಕೊಟ್ಟು ಮೂಲ ಫೈಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಿದೆ, ಒಂದೇ ಬರುತ್ತಿವೆ.

ಒಂದು ಸಣ್ಣ ಸಂಶಯ ಉಳಿದಿದೆ. ಕಂಟೂರ್ ಲೇಯರಿಗೆ ತುಂಡುಗೆರೆಯ ಲೈನ್‌ಟೈಪ್ ಕೊಟ್ಟಿದ್ದರೂ ಅವು ಅಖಂಡ ಗೆರೆಗಳಾಗಿಯೇ ಕಾಣುತ್ತವೆ. ತುಂಡುಗೆರೆಯ ಅಳತೆಯಾದ ಎಲ್‌ಟಿಸ್ಕೇಲ್ ಬದಲಿಸಿ, ಪರದೆಯನ್ನು ಹೊಸದಾಗಿ ಬಿಡಿಸುವ ರೀಜೆನ್‌ಆಲ್ ಕೊಟ್ಟರೂ, ನಾನೆಳೆದ ರಸ್ತೆಯ ಮಧ್ಯರೇಖೆ ಸರಿಯಾಗುತ್ತದೆ, ಕಂಟೂರ್ ಆಗುವುದಿಲ್ಲ.

ಸೇತುವೆ:

ಕಂಟೂರ್ ಪಾಲಿಲೈನ್‌ನಲ್ಲಿ ಹತ್ತಿರ ಹತ್ತಿರ ಬಹಳ ಬಿಂದುಗಳಿರುತ್ತವೆ. ತುಂಡುಗೆರೆಯ ವಿನ್ಯಾಸ ಪ್ರತಿ ಬಿಂದುವಿನಲ್ಲಿಯೂ ಹೊಸದಾಗಿ ಆರಂಭವಾಗುವುದರಿಂದ, ಎರಡು ಬಿಂದುಗಳ ನಡುವೆ ಒಂದು ತುಂಡಿಗೂ ಒಂದು ಬಿಡುವಿಗೂ ಜಾಗ ಸಾಲದೆ ಅಖಂಡವಾಗಿ ಕಾಣುತ್ತದೆ. ಸರ್ವೇ ಫೈಲನ್ನು ಮುಟ್ಟಬಾರದೆಂದು ಇಲ್ಲಿ ತೀರ್ಮಾನವಾಗಿರುವುದರಿಂದ ಅದರ ಒಂದು ಪ್ರತಿ ಮಾಡಿಕೊಂಡು, ಕಂಟೂರುಗಳನ್ನು ಆಯ್ದು, ಪ್ರಾಪರ್ಟೀಸ್‌ನಲ್ಲಿ ಲೈನ್‌ಟೈಪ್ ಜನರೇಷನ್ ಎಂಬುದನ್ನು ಎನೇಬಲ್ಡ್ ಮಾಡಿ, ಆ ಪ್ರತಿಯನ್ನು ಎಕ್ಸ್‌ರೆಫ್‌ಗೆ ಬಳಸಿ. ಮುಂದೆ ಎಳೆಯುವ ಪಾಲಿಲೈನ್‌ಗಳಿಗೆ ಪಿಲೈನ್‌ಜೆನ್ ಎಂಬ ವೇರಿಯಬಲ್ 1 ಇರಲಿ. ಆಯ್ದಾಗ ಪ್ರಾಪರ್ಟೀಸ್‌ನಲ್ಲಿ 3ಡಿ ಪಾಲಿಲೈನ್ ಎಂದು ಬಂದರೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅವು ತುಂಡುಗೆರೆಯನ್ನು ತೋರಿಸುವುದೇ ಇಲ್ಲ. ಎಲಿವೇಷನ್ ಇರುವ ಸಾಮಾನ್ಯ ಪಾಲಿಲೈನ್ ಆಗಿ ಕೊಡಿ ಎಂದು ಸರ್ವೇ ತಂಡವನ್ನು ಕೇಳಬೇಕಾಗುತ್ತದೆ.

ಸರ್ವೇ ಕಂಬ:

ಕೇಳಿದರೆ ಕೊಡುತ್ತಾರೆ. ಒಂದು ಕಂಟೂರಿನ ಉದ್ದಕ್ಕೂ ಎತ್ತರ ಒಂದೇ ಆಗಿರುವುದರಿಂದ ಅದನ್ನು 3ಡಿ ಪಾಲಿಲೈನ್ ಆಗಿ ಇಡಬೇಕಾದ ಅಗತ್ಯವೇ ಇಲ್ಲ.